ಐದು ದಿನ ಬರೀ ನೀರು, ಬೇಸರ ಆಗಲ್ವಾ?

ಹವಾಯಿಯ ಹೊನೊಲುಲುವಿನಿಂದ ಪೆಸಿಫಿಕ್‌ನ ತಾಹಿತಿ ದ್ವೀಪಕ್ಕೆ ಹೋಗುವ ಕ್ರೂಸ್‌ನಲ್ಲಿ ನಡುವೆ ಐದು ದಿನ ಒಂದೂ ಬಂದರು ಸಿಗುವುದಿಲ್ಲ, ಅಷ್ಟು ದಿನ ಏನು ಮಾಡುವುದು ಅಂತ ಕೇಳಿದ್ದೀರಿ. ಸುಮ್ಮನೆ ಕೂತು ಗೊತ್ತಿಲ್ಲದ ನಿಮ್ಮ ಯಜಮಾನರಿಗೆ ಉಸಿರು ಕಟ್ಟಿದ ಹಾಗೆ ಆಗುತ್ತದೇನೋ ಅನ್ನುವ ಚಿಂತೆ ಬೇರೆ. ಬಾಲ್ಕನಿ ಕ್ಯಾಬಿನ್‌ಗೆ ಜಾಸ್ತಿ ದುಡ್ಡು ಹಾಕಬೇಕಾ ಅನ್ನುವುದೂ ನಿಮ್ಮ ಪ್ರಶ್ನೆ. ಆ ದಾರಿಯಲ್ಲಿ ನಾನು ಹೋಗಿದ್ದೇನೆ. ನನ್ನ ಮಟ್ಟಿಗೆ ಇಡೀ ಪ್ರವಾಸದಲ್ಲಿ ಚೆನ್ನಾಗಿದ್ದದ್ದು ಆ ಖಾಲಿ ದಿನಗಳೇ. ದ್ವೀಪಗಳನ್ನು ವಿಮಾನದಲ್ಲಿ ಹೋಗಿಯೂ ನೋಡಬಹುದು. ಸಮುದ್ರ ಎಷ್ಟು ದೊಡ್ಡದು ಅನ್ನುವುದು ಮಾತ್ರ ಹೀಗೆ ದಾಟಿದರೇ ಗೊತ್ತಾಗುವುದು.

ಮೊದಲು ದೂರದ ಲೆಕ್ಕ ಹೇಳಿಬಿಡುತ್ತೇನೆ. ಹೊನೊಲುಲುವಿನಿಂದ ತಾಹಿತಿಯ ಬಂದರು ಪಪೀಟೆಗೆ ಸುಮಾರು 4,400 ಕಿಲೋಮೀಟರ್. ಹಡಗು 20 ನಾಟ್ ವೇಗದಲ್ಲಿ ಹೋಗುತ್ತದೆ ಅಂದುಕೊಳ್ಳಿ. ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಅಂದರೆ 1,852 ಮೀಟರ್. ಹಗಲು ರಾತ್ರಿ ನಿಲ್ಲದೆ ಓಡಿದರೂ ದಿನಕ್ಕೆ 890 ಕಿಲೋಮೀಟರ್ ಆಗುತ್ತದೆ ಅಷ್ಟೇ. ಐದು ದಿನ ಯಾಕೆ ಅನ್ನುವುದು ಅಲ್ಲಿಗೆ ಸ್ಪಷ್ಟ.

ಆದರೆ ಲೆಕ್ಕ ಗೊತ್ತಾಗುವುದೇ ಬೇರೆ, ಮೈಗೆ ಗೊತ್ತಾಗುವುದೇ ಬೇರೆ. ನೀರಿನಿಂದ ಹದಿನೈದು ಮೀಟರ್ ಎತ್ತರದ ಡೆಕ್ ಮೇಲೆ ನಿಂತರೆ ಬಾನಂಚು ಇರುವುದು ಸುಮಾರು 14 ಕಿಲೋಮೀಟರ್ ದೂರದಲ್ಲಿ. ಅಂದರೆ ಆಗ ಕಾಣುವ ನೀರನ್ನೆಲ್ಲ ಹಡಗು ಅರ್ಧ ಗಂಟೆಯೊಳಗೆ ದಾಟಿಬಿಡುತ್ತದೆ. ಮತ್ತೆ ನೋಡಿದರೆ ಅಷ್ಟೇ ದೊಡ್ಡ ಹೊಸ ವೃತ್ತ. ಇನ್ನೊಂದು ಹಡಗು ಕಾಣಿಸಿದರೆ ಜನ ಕೈಯಲ್ಲಿದ್ದದ್ದನ್ನು ಬಿಟ್ಟು ಕಂಬಿಯ ಹತ್ತಿರ ಓಡಿ ಬರುತ್ತಾರೆ. ಇಡೀ ದಿನ ಒಂದೂ ಕಾಣದೆ ಹೋಗುವುದೂ ಉಂಟು.

ಒಂದು ದಿನವನ್ನು ಹೇಳುತ್ತೇನೆ, ನಿಮಗೆ ಅಂದಾಜು ಸಿಗುತ್ತದೆ. ಹೊನೊಲುಲು ಬಿಟ್ಟ ಮೇಲೆ ಈಶಾನ್ಯದ ವಾಣಿಜ್ಯ ಮಾರುತ ಬೀಸುತ್ತಿತ್ತು. ಎಡಗಡೆ, ಸ್ವಲ್ಪ ಹಿಂದಿನಿಂದ. ಅಲೆಗಳ ತುದಿಯಲ್ಲಿ ಬಿಳಿ ನೊರೆ. ಆಮೇಲೆ ಎರಡು ಗೋಳಾರ್ಧಗಳ ಗಾಳಿ ಸೇರುವ ಪಟ್ಟಿ ಬಂತು. ಹಳೆಯ ಹಾಯಿಹಡಗಿನವರು ಗಾಳಿಯಿಲ್ಲದೆ ವಾರಗಟ್ಟಲೆ ಸಿಕ್ಕಿಬೀಳುತ್ತಿದ್ದದ್ದು ಇಂಥ ಕಡೆಯೇ. ಅಲ್ಲಲ್ಲಿ ದಪ್ಪ ಮಳೆ ಮೋಡ, ನಡುನಡುವೆ ಗಾಳಿಯೇ ಇಲ್ಲದ ನೀರು. ಆ ಬೆಳಿಗ್ಗೆ ಎದ್ದು ಹೊರಗೆ ಬಂದರೆ ಸಮುದ್ರಕ್ಕೆ ಎಣ್ಣೆ ಸವರಿದಂತಿತ್ತು. ನೊರೆ ಇಲ್ಲ, ಸದ್ದಿಲ್ಲ. ದೂರದ ಯಾವುದೋ ಬಿರುಗಾಳಿ ಎಬ್ಬಿಸಿದ ಉದ್ದನೆಯ ಅಲೆಗಳು ಮಾತ್ರ ನಿಧಾನವಾಗಿ ಮೇಲೆದ್ದು ಇಳಿಯುತ್ತಿದ್ದವು. ಹಡಗಿನ ಕೆಲಸಗಾರರು ಸಿಹಿನೀರಿನ ಪೈಪ್ ಹಿಡಿದು ಕಂಬಿ ತೊಳೆಯುತ್ತಿದ್ದರು. ರಾತ್ರಿ ಕಳೆಯುವುದರೊಳಗೆ ಅದರ ಮೇಲೆ ಉಪ್ಪು ಕೂತು ಕೈಗೆ ಅಂಟುತ್ತದೆ, ದಿನಾ ತೊಳೆಯಲೇಬೇಕು. ಆ ಸಿಹಿನೀರೂ ಹಡಗಿನಲ್ಲೇ ಸಮುದ್ರದ ನೀರಿನಿಂದ ಮಾಡಿಕೊಂಡದ್ದು.

ಹೀಗೆ ನೀರು ಮಟ್ಟಸವಾಗಿದ್ದಾಗ ಹಾರುಮೀನು ನೋಡುವುದು ಸುಲಭ. ಹಡಗಿನ ಮುಂಭಾಗದ ಕಡೆ, ಆದಷ್ಟು ಕೆಳಗಿನ ಡೆಕ್‌ನಲ್ಲಿ ನಿಲ್ಲಿ. ಹಡಗು ನೀರು ಸೀಳುವ ಜಾಗದಿಂದ ಅವು ಗುಂಪಾಗಿ ಚಿಮ್ಮುತ್ತವೆ. ಮೊದಲ ಸಲ ನೋಡಿದವರು ಯಾವುದೋ ಸಣ್ಣ ಹಕ್ಕಿ ಅಂದುಕೊಳ್ಳುತ್ತಾರೆ. ರೆಕ್ಕೆ ಬಡಿಯುವುದಿಲ್ಲ ಅವು. ಎದೆಯ ಪಕ್ಕದ ಉದ್ದ ಈಜುರೆಕ್ಕೆಗಳನ್ನು ಬಿಡಿಸಿಕೊಂಡು ತೇಲುತ್ತವೆ. ವೇಗ ಕಡಿಮೆಯಾದಾಗ ಬಾಲದ ಕೆಳಗಿನ ಎಸಳನ್ನು ಮಾತ್ರ ನೀರಿಗೆ ಇಳಿಸಿ ಪಟಪಟ ಬಡಿದು ಮತ್ತೆ ಮೇಲೇಳುತ್ತವೆ. ನೀರು ಶಾಂತವಾಗಿದ್ದರೆ ಆ ಬಾಲದ ಗುರುತು ಅಂಕುಡೊಂಕು ಗೆರೆಯಾಗಿ ಒಂದು ಕ್ಷಣ ಉಳಿಯುತ್ತದೆ. ಬೂಬಿ ಅನ್ನುವ ಕಡಲ ಹಕ್ಕಿಗಳಿಗೆ ಈ ವಿಷಯ ಚೆನ್ನಾಗಿ ಗೊತ್ತು. ಹಡಗಿನ ಜೊತೆಜೊತೆಗೇ ಹಾರುತ್ತಾ, ಕೆಳಗೆ ನೋಡುತ್ತಾ ಕಾಯುತ್ತವೆ. ಮೀನು ಎದ್ದ ತಕ್ಷಣ ರೆಕ್ಕೆ ಮಡಚಿ ಬೀಳುತ್ತವೆ. ತಪ್ಪುವುದೇ ಜಾಸ್ತಿ. ನಾನು ಒಂದು ಹಕ್ಕಿಯನ್ನೇ ಗುರಿಯಿಟ್ಟು ನೋಡುತ್ತಾ ನಿಂತಿದ್ದೆ. ಮತ್ತೆ ಮತ್ತೆ ಬಿದ್ದು, ಮತ್ತೆ ಮತ್ತೆ ಎದ್ದು, ಕೊನೆಗೆ ಗಾಳಿಯಲ್ಲೇ ಮೀನನ್ನು ಕಚ್ಚಿಕೊಂಡಿತು. ಪಕ್ಕದಲ್ಲಿದ್ದ ಗುರುತಿಲ್ಲದವರೆಲ್ಲ ಒಟ್ಟಿಗೆ ಕೂಗಿದೆವು. ಬೆಳಗಿನ ತಿಂಡಿಯ ಹೊತ್ತು ಮುಗಿದೇ ಹೋಗಿತ್ತು.

ಮಧ್ಯಾಹ್ನ 12ಕ್ಕೆ ಕ್ಯಾಪ್ಟನ್ ಮೈಕಿನಲ್ಲಿ ಮಾತಾಡುತ್ತಾರೆ. ಅಕ್ಷಾಂಶ, ರೇಖಾಂಶ, ವೇಗ, ಗಾಳಿ, ಕೆಳಗೆ ನೀರಿನ ಆಳ. ಕೆಲವರು ಇದಕ್ಕೆ ಕಿವಿಯನ್ನೇ ಕೊಡುವುದಿಲ್ಲ. ನೀವು ಒಂದು ನೋಟ್‌ಬುಕ್ ಇಟ್ಟುಕೊಂಡು ಬರೆದುಕೊಳ್ಳಿ, ಎರಡನೇ ದಿನದಿಂದ ಅದಕ್ಕಾಗಿ ಕಾಯಲು ಶುರು ಮಾಡುತ್ತೀರಿ. ಆಳ ನಾಲ್ಕೈದು ಸಾವಿರ ಮೀಟರ್ ಅಂತ ಕೇಳಿ ಆಮೇಲೆ ಕೆಳಗೆ ನೋಡಿದರೆ ಆ ನೀಲಿ ಬೇರೆಯದೇ ಅನ್ನಿಸುತ್ತದೆ. ದಡದ ಹತ್ತಿರ ನೀರು ಹಸಿರಾಗಿ ಕಾಣುವುದು ಮಣ್ಣು, ಪಾಚಿಗಳಿಂದ. ನಡುಸಮುದ್ರದಲ್ಲಿ ಅವು ತೀರಾ ಕಡಿಮೆ. ಬೆಳಕಿನ ಕೆಂಪನ್ನು ನೀರು ಬೇಗ ಹೀರಿಕೊಳ್ಳುತ್ತದೆ, ಮೇಲೆ ವಾಪಸ್ ಬರುವುದು ನೀಲಿ ಮಾತ್ರ.

ಗಡಿಯಾರದ ವಿಷಯದಲ್ಲಿ ಈ ದಾರಿ ವಿಶೇಷ. ಪೂರ್ವ ಪಶ್ಚಿಮವಾಗಿ ಸಮುದ್ರ ದಾಟುವಾಗ ಪ್ರತಿ 15 ಡಿಗ್ರಿ ರೇಖಾಂಶಕ್ಕೆ ಸುಮಾರು ಒಂದು ಗಂಟೆ ಬದಲಿಸಬೇಕು. ಇಲ್ಲಿ ಹಾಗಿಲ್ಲ, ಹವಾಯಿಗೂ ತಾಹಿತಿಗೂ ಒಂದೇ ಸಮಯ. ಆದರೆ ದಾರಿಯ ಪಶ್ಚಿಮಕ್ಕೆ ಕೆಲವು ನೂರು ಕಿಲೋಮೀಟರ್ ಆಚೆ ಕಿರಿಬಾಟಿ ದೇಶದ ಲೈನ್ ದ್ವೀಪಗಳಿವೆ. ಅಲ್ಲೂ ಗಡಿಯಾರ ಅದೇ ಹೊತ್ತು ತೋರಿಸುತ್ತದೆ, ತಾರೀಖು ಮಾತ್ರ ಒಂದು ದಿನ ಮುಂದೆ! ಇಡೀ ದೇಶಕ್ಕೆ ಒಂದೇ ತಾರೀಖು ಇರಲಿ ಅಂತ 1995ರ ಆರಂಭದಿಂದ ಅವರು ಹಾಗೆ ಮಾಡಿಕೊಂಡರು.

ರಾತ್ರಿಯನ್ನು ಬಿಡಲೇಬೇಡಿ. ಹಡಗಿನ ದೀಪಗಳು ಅಡ್ಡ ಬರುತ್ತವೆ, ಆದ್ದರಿಂದ ಕತ್ತಲಿರುವ ಮೂಲೆ ಯಾವುದು ಅಂತ ಮೊದಲ ದಿನವೇ ಕೇಳಿಟ್ಟುಕೊಳ್ಳಿ. ಹೊರಟ ರಾತ್ರಿ ಉತ್ತರಕ್ಕೆ ಧ್ರುವ ನಕ್ಷತ್ರ ನೋಡಿ. ಹೊನೊಲುಲುವಿನಲ್ಲಿ ಅದು ಬಾನಂಚಿನಿಂದ ಸುಮಾರು 21 ಡಿಗ್ರಿ ಮೇಲಿರುತ್ತದೆ. ತೋಳು ಚಾಚಿ ಮುಷ್ಟಿ ಹಿಡಿದರೆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಅಂದರೆ ಎರಡು ಮುಷ್ಟಿ ಎತ್ತರ. ಹಡಗು ದಿನಕ್ಕೆ ಏಳೆಂಟು ಡಿಗ್ರಿ ದಕ್ಷಿಣಕ್ಕೆ ಹೋಗುತ್ತದೆ, ನಕ್ಷತ್ರವೂ ಅಷ್ಟೇ ಕೆಳಗಿಳಿಯುತ್ತದೆ. ಸಮಭಾಜಕ ದಾಟುವ ಹೊತ್ತಿಗೆ ಅದು ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಹೋದರೆ ಇನ್ನೊಂದು ಕಡೆ ತ್ರಿಶಂಕು ನಕ್ಷತ್ರಪುಂಜ (ಸದರ್ನ್ ಕ್ರಾಸ್) ದಿನೇ ದಿನೇ ಮೇಲೇರುವುದು ಕಾಣುತ್ತದೆ. ಭೂಮಿ ದುಂಡಗಿದೆ ಅಂತ ಶಾಲೆಯಲ್ಲಿ ಓದಿರುತ್ತೇವಲ್ಲ, ಅದನ್ನು ನಮ್ಮ ಮುಷ್ಟಿಯಲ್ಲೇ ಅಳೆಯುವುದು ಅಂದರೆ ಇದು.

1976ರಲ್ಲಿ ಹೊಕುಲೆಯಾ ಅನ್ನುವ ಜೋಡಿ ಒಡಲಿನ ಹಾಯಿದೋಣಿ ಹವಾಯಿಯಿಂದ ತಾಹಿತಿಗೆ ಹೋಯಿತು. ದಾರಿ ತೋರಿಸಿದ್ದು ಮೈಕ್ರೋನೇಷ್ಯಾದ ಸತವಾಲ್ ದ್ವೀಪದ ಮಾವ್ ಪಿಯಾಲುಗ್ ಅನ್ನುವ ನಾವಿಕ. ಅವರು ದಿಕ್ಸೂಚಿ, ನಕ್ಷೆ ಯಾವುದನ್ನೂ ಬಳಸಲಿಲ್ಲ. ನಕ್ಷತ್ರ ಹುಟ್ಟುವ ಮುಳುಗುವ ಜಾಗ, ಅಲೆ ಬರುವ ದಿಕ್ಕು, ಹಕ್ಕಿಗಳು, ಇಷ್ಟೇ ಆಧಾರ. ಒಂದು ತಿಂಗಳಿಗಿಂತ ಸ್ವಲ್ಪ ಜಾಸ್ತಿ ಹಿಡಿಯಿತು. ಪೆಸಿಫಿಕ್ ದ್ವೀಪಗಳಿಗೆ ಹಿಂದಿನವರು ದಿಕ್ಕು ತಿಳಿದೇ ಹೋಗಿದ್ದರು, ಗಾಳಿಗೆ ಸಿಕ್ಕಿ ತೇಲಿ ಹೋದವರಲ್ಲ ಅನ್ನುವುದಕ್ಕೆ ಆ ಯಾನ ದೊಡ್ಡ ಬಲ ಕೊಟ್ಟಿತು. ನಾವು ಮೆತ್ತನೆ ಕುರ್ಚಿಯಲ್ಲಿ ಕೂತು ನೋಡುವ ಅಲೆಗಳನ್ನೇ ಅವರು ಓದಿಕೊಂಡು ಹೋದರು. ಅದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ ನನಗೆ.

ಕ್ಯಾಬಿನ್ ವಿಷಯಕ್ಕೆ ಬರುತ್ತೇನೆ. ನನ್ನ ಕೇಳಿದರೆ ಬಾಲ್ಕನಿ ಬೇಡ. ಕೆಳಗಿನ ಡೆಕ್, ಹಡಗಿನ ಮಧ್ಯಭಾಗ, ಕಿಟಕಿ ಇರುವ ಕ್ಯಾಬಿನ್ ಸಾಕು. ಅಲ್ಲಿ ಕುಲುಕಾಟ ಎಲ್ಲಕ್ಕಿಂತ ಕಡಿಮೆ. ಹಡಗಿನ ಪಕ್ಕದಲ್ಲಿರುವ ಸ್ಟೆಬಿಲೈಸರ್ ರೆಕ್ಕೆಗಳು ಪಕ್ಕಕ್ಕೆ ಹೊಯ್ದಾಡುವುದನ್ನು ತಗ್ಗಿಸುತ್ತವೆ, ಮುಂದೆ ಹಿಂದೆ ಏಳುಬೀಳುವುದನ್ನಲ್ಲ. ಸಮಭಾಜಕ ದಾಟಿದ ಮೇಲೆ ಆಗ್ನೇಯದ ಗಾಳಿ ಎದುರಿನಿಂದ ಬರುತ್ತದೆ, ಆಗ ಈ ಏಳುಬೀಳು ಶುರುವಾಗುತ್ತದೆ. ಹೊಟ್ಟೆ ತೊಳಸುವ ಅಭ್ಯಾಸ ಇದ್ದರೆ ಮಾತ್ರೆ ಬಗ್ಗೆ ಹೊರಡುವ ಮೊದಲೇ ಡಾಕ್ಟರ್ ಹತ್ತಿರ ಕೇಳಿ. ಸಂಕಟ ಶುರುವಾದರೆ ಒಳಗೆ ಮಲಗಬೇಡಿ, ಹೊರಗೆ ಬಂದು ಬಾನಂಚು ನೋಡಿ. ಬಾಲ್ಕನಿಯ ಬದಲು, ಸುತ್ತಲೂ ನಡೆಯಬಹುದಾದ ತೆರೆದ ಡೆಕ್ ಇರುವ ಹಡಗನ್ನೇ ಆರಿಸಿ, ಎಲ್ಲ ಹಡಗಿನಲ್ಲೂ ಅದು ಇರುವುದಿಲ್ಲ. ಈ ದಾರಿಯಲ್ಲಿ ಗಾಳಿ ಹೆಚ್ಚಾಗಿ ಎಡಗಡೆಯಿಂದ, ಹಾಗಾಗಿ ಕೂರಲು ಬಲಗಡೆ ವಾಸಿ. ಮಧ್ಯಾಹ್ನದ ಮೇಲೆ ಬಿಸಿಲೂ ಅದೇ ಕಡೆ ಬರುತ್ತದೆ, ಟೋಪಿ ಇರಲಿ.

ನಿಮ್ಮ ಯಜಮಾನರಿಗೆ ಹಡಗಿನಲ್ಲಿ ಉಪನ್ಯಾಸ, ಇಸ್ಪೀಟು, ನೃತ್ಯದ ಕ್ಲಾಸು ಎಲ್ಲ ಇರುತ್ತವೆ, ಹೊತ್ತು ಹೋಗುತ್ತದೆ. ಆದರೆ ಅವರಿಗೆ ಮೊದಲು ಒಂದು ದುರ್ಬೀನು ಕೊಟ್ಟು ಮುಂದಿನ ಡೆಕ್‌ಗೆ ಕಳಿಸಿ ನೋಡಿ. ಅದಕ್ಕೂ ಮನಸ್ಸಿಲ್ಲ ಅಂದರೆ ಈ ದಾರಿ ಅವರಿಗೆ ಹೇಳಿದ್ದಲ್ಲ. ಹಾಗಿದ್ದರೆ ತಾಹಿತಿಯವರೆಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಮೂರಿಯಾ, ಬೋರಾ ಬೋರಾ ಸುತ್ತುವ ಸಣ್ಣ ಕ್ರೂಸ್ ಹಿಡಿಯಿರಿ. ದ್ವೀಪಗಳು ಹತ್ತಿರ ಹತ್ತಿರ ಇರುವುದರಿಂದ ಬಹುತೇಕ ದಿನವೂ ನೆಲಕ್ಕೆ ಇಳಿಯಬಹುದು.