ತಟ್ಟೆಯೇ ಬೇಕೇ, ಲ್ಯಾಪ್‌ಟಾಪ್ ಸಾಕೇ?

ಈ ಸಲ ಮೂರು ಪತ್ರಗಳಿಗೆ ಉತ್ತರಿಸುತ್ತಿದ್ದೇನೆ. ಹೊಸ ಓದುಗರಿಗಾಗಿ ಒಂದು ಮಾತು: ನಾನು ದಾವಣಗೆರೆಯ ಚೌಕಿಪೇಟೆಯಲ್ಲಿ ಸೋದರಮಾವನ ಮೈಕ್ ಸೆಟ್ ಅಂಗಡಿಗೆ 1982ರಲ್ಲಿ ಹುಡುಗನಾಗಿ ಸೇರಿಕೊಂಡವನು. ಇಂದಿಗೂ ಅದೇ ಕೆಲಸದಲ್ಲಿದ್ದೇನೆ.

ಪ್ರಶ್ನೆ: ಸರ್, ನಾನು ಬಿ.ಕಾಂ. ಕೊನೆಯ ವರ್ಷದಲ್ಲಿದ್ದೇನೆ. ಎರಡು ವರ್ಷಗಳಿಂದ ಲ್ಯಾಪ್‌ಟಾಪ್ ಮತ್ತು ಹಾಡು ಬೆರೆಸುವ ಗುಂಡಿ, ಚಕ್ರಗಳಿರುವ ಒಂದು ಚಿಕ್ಕ ಕಂಟ್ರೋಲರ್ ಇಟ್ಟುಕೊಂಡು ಮದುವೆ, ಗಣಪತಿ ಕಾರ್ಯಕ್ರಮಗಳಿಗೆ ಹಾಡು ಹಾಕುತ್ತಿದ್ದೇನೆ. ಬೆಂಗಳೂರಿನಿಂದ ಬಂದಿದ್ದ ನೆಂಟರೊಬ್ಬರು, ‘ಎರಡು ಹಾಡುಗಳ ಗತಿಯನ್ನು ತಾನೇ ಹೊಂದಿಸುವ ಸಿಂಕ್ ಗುಂಡಿ ಒತ್ತುವವನು ಡಿಜೆ ಅಲ್ಲ, ರೆಕಾರ್ಡ್ ತಿರುಗಿಸುವ ಎರಡು ಟರ್ನ್‌ಟೇಬಲ್ ಮೇಲೆ ಕೈಯಾಡಿಸಬಲ್ಲವನೇ ಡಿಜೆ’ ಎಂದು ಎಲ್ಲರ ಮುಂದೆ ಹೇಳಿಬಿಟ್ಟರು. ಅಂದಿನಿಂದ ಸಮಾಧಾನವಿಲ್ಲ. ಸೊಸೈಟಿಯಲ್ಲಿ ಸಾಲ ತೆಗೆದು ಒಂದು ಜೋಡಿ ಟರ್ನ್‌ಟೇಬಲ್ ಕೊಳ್ಳಲೇ?
— ಒಬ್ಬ ವಿದ್ಯಾರ್ಥಿ, ಹರಿಹರ

ಉತ್ತರ: ಸಾಲ ಮಾಡಬೇಡ, ತಮ್ಮ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪತ್ರಿಕೆ ನಿನ್ನ ಕೈ ಸೇರುವಷ್ಟರಲ್ಲಿ ನೀನು ಸೊಸೈಟಿಯ ಬಾಗಿಲಿಗೆ ಹೋಗಿಬಿಟ್ಟಿರಬಾರದು. ಒಳ್ಳೆಯ ಡೈರೆಕ್ಟ್ ಡ್ರೈವ್ (ಮೋಟಾರೇ ನೇರವಾಗಿ ತಿರುಗಿಸುವ) ಟರ್ನ್‌ಟೇಬಲ್ ಜೋಡಿ, ಹಾಡು ಬೆರೆಸುವ ಮಿಕ್ಸರ್, ರೆಕಾರ್ಡಿನ ಗೀರು ಓದುವ ಮುಳ್ಳುಗಳು ಎಲ್ಲ ಸೇರಿದರೆ ಲಕ್ಷ ದಾಟುತ್ತದೆ. ಅಷ್ಟು ಕೊಟ್ಟು ತಂದ ಮೇಲೆ ಅದರ ಮೇಲೆ ಏನನ್ನು ಇಡುತ್ತೀಯ? ಹರಿಹರದ ಮದುವೆಯಲ್ಲಿ ಹುಡುಗರು ಚೀಟಿ ಬರೆದು ಕೇಳುವ ಹಾಡುಗಳಲ್ಲಿ ಹೆಚ್ಚಿನವು ರೆಕಾರ್ಡಿನ ರೂಪದಲ್ಲಿ ಬಂದೇ ಇಲ್ಲ. ನಮ್ಮಲ್ಲಿ ಮೊದಲು ಕ್ಯಾಸೆಟ್, ಆಮೇಲೆ ಸಿ.ಡಿ. ಬಂದು ರೆಕಾರ್ಡಿನ ಕಾಲವನ್ನು ಮುಗಿಸಿಬಿಟ್ಟವು.

ಇನ್ನೊಂದು ಕಷ್ಟ ನನ್ನ ಕಣ್ಣ ಮುಂದೆ ನಡೆದದ್ದು. ಮಾವನ ಬಳಿ ಎರಡು ರೆಕಾರ್ಡ್ ಪ್ಲೇಯರ್ ಇದ್ದವು. ಮೆರವಣಿಗೆಯ ಎತ್ತಿನ ಗಾಡಿಯಲ್ಲಾಗಲಿ, ಟ್ರ್ಯಾಕ್ಟರ್ ಟ್ರೇಲರ್‌ನಲ್ಲಾಗಲಿ ಅವುಗಳನ್ನು ಇಟ್ಟರೆ ಹಾದಿಯ ಪ್ರತಿ ಗುಂಡಿಗೂ ಮುಳ್ಳು ಹಾರುತ್ತಿತ್ತು. ಮದುವೆ ಚಪ್ಪರದಲ್ಲಿ ನೆಲ ಗಟ್ಟಿಯಿದ್ದರೂ ಸ್ಪೀಕರ್ ಹತ್ತಿರವಿದ್ದರೆ ಅದರ ನಡುಕ ಮುಳ್ಳಿಗೆ ತಾಗಿ, ಆ ನಡುಕವೇ ಮತ್ತೆ ಸ್ಪೀಕರಿನಲ್ಲಿ ಸದ್ದಾಗಿ, ಅದು ಮತ್ತೆ ಮುಳ್ಳಿಗೆ ತಾಗಿ ‘ಹೂಂ’ ಎಂದು ಬೆಳೆಯುತ್ತಾ ಹೋಗುತ್ತಿತ್ತು. ಮಾವ ಚಳ್ಳಕೆರೆಯ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ಪ್ಲೇಯರ್ ಇಡುತ್ತಿದ್ದರು. ಅದು ಹಾರ್ನ್ ಸ್ಪೀಕರುಗಳ ಕಾಲ. ಇಂದು ಎದೆಗೆ ಗುದ್ದುವ ಬಾಸ್ ಪೆಟ್ಟಿಗೆಗಳ ಮುಂದೆ ಆ ಕಂಬಳಿ ಎಲ್ಲಿ ಸಾಕಾಗುತ್ತದೆ? ಏಪ್ರಿಲ್ ಬಿಸಿಲಿನಲ್ಲಿ ರೆಕಾರ್ಡ್ ಡೊಂಕಾಗುವುದಂತೂ ಬೇರೆಯೇ ಮಾತು.

ಇಷ್ಟಾದರೂ ನಿನ್ನ ನೆಂಟರ ಮಾತನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆ ಮಾತಿನ ಹಿಂದೆ ಒಂದು ಗೌರವದ ಇತಿಹಾಸವಿದೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಕೂಲ್ ಹರ್ಕ್ ಎಂಬ ಯುವಕ 1973ರ ಆಗಸ್ಟ್ 11ರಂದು ತಂಗಿ ಏರ್ಪಡಿಸಿದ್ದ ಒಂದು ಪಾರ್ಟಿಯಲ್ಲಿ ಹಾಡು ಹಾಕಿದ. ಹಿಪ್‌ಹಾಪ್ ಎಂಬ ಸಂಗೀತ ಹುಟ್ಟಿದ ದಿನವೆಂದು ಅದನ್ನು ನೆನೆಯುತ್ತಾರೆ. ಒಂದೇ ಹಾಡಿನ ಎರಡು ರೆಕಾರ್ಡ್ ಇಟ್ಟುಕೊಂಡು, ಹಾಡಿನಲ್ಲಿ ಬರೀ ತಾಳವಾದ್ಯ ನುಡಿಯುವ ಜಾಗ ಬಂದಾಗ ಒಂದರಿಂದ ಇನ್ನೊಂದಕ್ಕೆ ಹಾರಿ, ಆ ತುಣುಕನ್ನೇ ಹಿಗ್ಗಿಸುವುದು ಅವನ ಹೆಚ್ಚುಗಾರಿಕೆ. ಕುಣಿಯುವವರು ಆ ಜಾಗಕ್ಕಾಗಿಯೇ ಕಾದಿರುತ್ತಾರೆ ಎಂದು ಅವನು ಗಮನಿಸಿದ್ದ. ಅವನು ಜಮೈಕಾದಲ್ಲಿ ಹುಟ್ಟಿದವನು. ಸ್ಪೀಕರ್ ಪೆಟ್ಟಿಗೆ ಹೊತ್ತು ಬೀದಿಯಲ್ಲಿ ಹಾಡು ಹಾಕುವ ರೂಢಿ ಆ ನಾಡಿನಲ್ಲಿ ಮೊದಲಿನಿಂದಲೂ ಇತ್ತು. ಇದನ್ನು ಓದಿದಾಗಲೆಲ್ಲ ನನಗೆ ನಮ್ಮ ಮೈಕ್ ಸೆಟ್‌ನವರೇ ಕಣ್ಣ ಮುಂದೆ ಬರುತ್ತಾರೆ.

ಡಿಜೆಗಳ ಹೆಸರಾಂತ ಟರ್ನ್‌ಟೇಬಲ್ ಟೆಕ್ನಿಕ್ಸ್ ಎಸ್‌ಎಲ್-1200 ಬಂದದ್ದು 1972ರಲ್ಲಿ. ಅದರಲ್ಲಿ ಬೆಲ್ಟ್ ಇಲ್ಲ, ಮೋಟಾರೇ ನೇರವಾಗಿ ತಟ್ಟೆಯನ್ನು ತಿರುಗಿಸುತ್ತದೆ. ರೆಕಾರ್ಡನ್ನು ಬೆರಳಿನಲ್ಲಿ ಹಿಡಿದರೂ ಕೆಳಗಿನ ತಟ್ಟೆ ತಿರುಗುತ್ತಲೇ ಇರುತ್ತದೆ, ಕೈ ಬಿಟ್ಟೊಡನೆ ರೆಕಾರ್ಡ್ ತನ್ನ ವೇಗಕ್ಕೆ ಮರಳುತ್ತದೆ. 1979ರ ಎರಡನೇ ಮಾದರಿಯಲ್ಲಿ ವೇಗವನ್ನು ಶೇಕಡ 8ರಷ್ಟು ಏರಿಸಲು ಇಳಿಸಲು ಉದ್ದನೆಯ ಜಾರುಗುಂಡಿ ಬಂತು. ನಿನ್ನ ಕಂಟ್ರೋಲರಿನ ಬಲಬದಿಯಲ್ಲಿರುವ ಗುಂಡಿ ಅದರದೇ ನಕಲು. ನೀನು ತಿರುಗಿಸುವ ಆ ಚಿಕ್ಕ ಚಕ್ರವೂ ಹಾಗೆಯೇ. ಅಂದರೆ ನಿನ್ನ ಮುಂದಿರುವುದು ಬೇರೆ ಜಾತಿಯ ಯಂತ್ರವಲ್ಲ, ಅದೇ ಮನೆತನದ್ದು.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಕಿವಿಯಲ್ಲಿದೆ. ನಿಮಿಷಕ್ಕೆ 100 ಏಟಿನ ಒಂದು ಹಾಡು, 104 ಏಟಿನ ಇನ್ನೊಂದು ಹಾಡು ಒಟ್ಟಿಗೆ ನುಡಿದರೆ 15 ಸೆಕೆಂಡಿಗೆ ಒಂದು ಏಟಿನಷ್ಟು ಅವು ಒಂದರಿಂದೊಂದು ದೂರವಾಗುತ್ತವೆ. ಟರ್ನ್‌ಟೇಬಲ್ ಮುಂದೆ ನಿಂತವನು ಇದನ್ನು ಕಿವಿಯಿಂದಲೇ ಹಿಡಿಯಬೇಕಿತ್ತು. ಯಾವ ಪರದೆಯೂ ಅವನಿಗೆ ಹೇಳುತ್ತಿರಲಿಲ್ಲ. ಬೇರೆ ದಾರಿ ಇರಲಿಲ್ಲವಾದ್ದರಿಂದ ಕಿವಿ ಹದವಾಯಿತು. ನಿನಗೆ ಸಿಂಕ್ ಗುಂಡಿ ಎಂಬ ದಾರಿ ಇದೆ. ಅದನ್ನು ಒತ್ತುವುದು ತಪ್ಪಲ್ಲ. ಅದು ಏನು ಮಾಡುತ್ತದೆ, ಎಲ್ಲಿ ಸೋಲುತ್ತದೆ ಎಂದು ತಿಳಿಯದೆ ಒತ್ತಿದರೆ ಮಾತ್ರ ಅಪಾಯ.

ಸಾಫ್ಟ್‌ವೇರ್ ಹಾಡನ್ನು ಮೊದಲೇ ಅಳೆದು, ಏಟುಗಳು ಬೀಳುವ ಜಾಗಗಳಿಗೆ ಒಂದು ಜಾಲರಿ ಹಾಕಿಡುತ್ತದೆ. ಮೊದಲಿನಿಂದ ಕೊನೆಯವರೆಗೆ ಗತಿ ಒಂದೇ ಎಂದು ಅದು ಸಾಮಾನ್ಯವಾಗಿ ಎಣಿಸುತ್ತದೆ. ಕಂಪ್ಯೂಟರಿನಲ್ಲೇ ತಯಾರಾದ ಇಂದಿನ ಹಾಡಿಗೆ ಈ ಲೆಕ್ಕ ಸರಿ. ನಮ್ಮ ಹಳೆಯ ಸಿನಿಮಾ ಹಾಡುಗಳನ್ನು ವಾದ್ಯವೃಂದ ಎದುರಿಗೆ ಕುಳಿತು ನುಡಿಸಿತ್ತು. ಚರಣದಲ್ಲಿ ಗತಿ ಕೂದಲೆಳೆಯಷ್ಟು ಮುಂದೆ ಹೋಗುತ್ತದೆ, ಪಲ್ಲವಿಗೆ ಬಂದಾಗ ಮತ್ತೆ ನೆಲೆಗೊಳ್ಳುತ್ತದೆ. ಡೊಳ್ಳು, ತಮಟೆಯ ಧ್ವನಿಮುದ್ರಣಗಳಲ್ಲಂತೂ ವಾದಕರ ಹುರುಪಿನ ಜೊತೆ ಗತಿಯೂ ಏರುತ್ತದೆ. ಇನ್ನು ನಮ್ಮ ಜನಪದದ ಎಷ್ಟೋ ಹಾಡುಗಳ ನಡಿಗೆ ಮೂರು ಮೂರು ಮಾತ್ರೆಯದು. ನಿಮಿಷಕ್ಕೆ 90 ಏಟಿನ ಅಂಥ ಹಾಡನ್ನು ಸಾಫ್ಟ್‌ವೇರ್ ಕೆಲವೊಮ್ಮೆ 135 ಎಂದು ಓದುತ್ತದೆ. ಆ ತಪ್ಪು ಲೆಕ್ಕಕ್ಕೆ ಇನ್ನೊಂದು ಹಾಡನ್ನು ಅದು ನಿಷ್ಠೆಯಿಂದ ಹೊಂದಿಸಿಕೊಡುತ್ತದೆ.

ಇದರ ಪೆಟ್ಟು ನಾನೇ ತಿಂದಿದ್ದೇನೆ. ಲ್ಯಾಪ್‌ಟಾಪ್ ಕೊಂಡ ಮೊದಲ ವರ್ಷ, ನಿಟುವಳ್ಳಿಯ ಒಂದು ಗಣಪತಿ ವಿಸರ್ಜನೆ. ತಮಟೆಯ ಮುದ್ರಣವೊಂದು ನುಡಿಯುತ್ತಿತ್ತು, ನೂರಾರು ಜನ ಒಂದೇ ಹೆಜ್ಜೆಯಲ್ಲಿದ್ದರು. ಪರದೆಯಲ್ಲಿ ಎರಡೂ ಹಾಡುಗಳ ಧ್ವನಿಯ ಅಲೆಗಳು ಹೊಂದಿಕೊಂಡು ಕಂಡವು, ನಾನು ಮುಂದಿನ ಹಾಡನ್ನು ಬಿಟ್ಟೆ. ಹತ್ತು ಸೆಕೆಂಡಿನಲ್ಲಿ ಮುಂದಿನ ಸಾಲಿನವರ ಕಾಲು ನಿಂತವು. ಯಾರೂ ಬೈಯಲಿಲ್ಲ. ಹಾಗೆಯೇ ನಿಂತು ಟ್ರೇಲರ್ ಕಡೆ ನೋಡಿದರು. ಆಗ ಮಾವನಿಗೆ ಎಪ್ಪತ್ತು ದಾಟಿತ್ತು, ನನ್ನ ಪಕ್ಕದಲ್ಲೇ ಕುಳಿತಿದ್ದರು. ‘ಕಣ್ಣಿನಿಂದ ಹಾಡು ಹಾಕಿದೆಯಲ್ಲೋ’ ಎಂದರು. ಅಷ್ಟೇ. ಮರುದಿನ ಬೆಳಿಗ್ಗೆ ನಾನು ಪರದೆಯ ಮೇಲೆ ಪಂಚೆ ಹೊದಿಸಿ ಅಭ್ಯಾಸ ಶುರು ಮಾಡಿದೆ.

ನಿನಗೂ ಅದನ್ನೇ ಹೇಳುತ್ತೇನೆ. ಲ್ಯಾಪ್‌ಟಾಪಿನ ಪರದೆಯನ್ನು ಬಟ್ಟೆಯಿಂದ ಮುಚ್ಚು, ಸಿಂಕ್ ಆಫ್ ಮಾಡು. ಹೆಡ್‌ಫೋನ್ ಒಂದೇ ಕಿವಿಗೆ ಇರಲಿ, ಇನ್ನೊಂದು ಕಿವಿ ಸ್ಪೀಕರಿಗೆ. ಕಾಲಿನಲ್ಲಿ ತಾಳ ಹಾಕುತ್ತಾ ಬರುವ ಹಾಡಿನ ವೇಗವನ್ನು ಜಾರುಗುಂಡಿಯಿಂದ ಹೊಂದಿಸು. ಓಡಿದರೆ ಚಕ್ರಕ್ಕೆ ಬೆರಳು ತಾಗಿಸಿ ತಡೆ, ಹಿಂದೆ ಬಿದ್ದರೆ ಮೆಲ್ಲಗೆ ನೂಕು. ಮಾವ ಹೆಬ್ಬೆರಳನ್ನು ತಟ್ಟೆಯ ಅಂಚಿಗೆ ಹೀಗೆಯೇ ತಾಗಿಸುತ್ತಿದ್ದರು. ದಿನಕ್ಕೆ ಅರ್ಧ ಗಂಟೆ ಸಾಕು. ಮೊದಲ ತಿಂಗಳು ಹೊಸ ಹಾಡುಗಳು, ಆಮೇಲೆ ಹಳೆಯವು, ಕೊನೆಗೆ ಡೊಳ್ಳು. ಪಲ್ಲವಿ ಮುಗಿದು ಚರಣ ಶುರುವಾಗುವ ಮುನ್ನ ಬರುವ ವಾದ್ಯದ ತುಣುಕನ್ನು ಪ್ರತಿ ಹಾಡಿನಲ್ಲೂ ಬಾಯಿಪಾಠ ಮಾಡಿಕೋ. ನಮ್ಮ ಹಾಡುಗಳಿಗೆ ಬೆಸುಗೆ ಹಾಕಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಟ್ರೇಲರ್ ಮೇಲೆ ನಿಂತಾಗ ಇನ್ನೊಂದು ನೆನಪಿರಲಿ. ಶಬ್ದ ಸೆಕೆಂಡಿಗೆ ಸುಮಾರು 350 ಮೀಟರ್ ಚಲಿಸುತ್ತದೆ. ಸ್ಪೀಕರ್ ನಿನ್ನಿಂದ 35 ಮೀಟರ್ ದೂರವಿದ್ದರೆ ಅದರ ಸದ್ದು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ನಿನ್ನ ಕಿವಿಗೆ ಬರುತ್ತದೆ. 120 ಏಟಿನ ಹಾಡಿನಲ್ಲಿ ಅದು ಒಂದು ಏಟಿನ ಐದನೇ ಒಂದು ಭಾಗ. ಆ ಸದ್ದನ್ನು ನಂಬಿ ಹೊಂದಿಸಿದರೆ ತಪ್ಪುವುದು ಖಂಡಿತ, ಟರ್ನ್‌ಟೇಬಲ್ ಇದ್ದರೂ ತಪ್ಪುತ್ತದೆ. ಒಂದು ಚಿಕ್ಕ ಸ್ಪೀಕರನ್ನು ನಿನ್ನ ಪಕ್ಕದಲ್ಲೇ ಇಟ್ಟುಕೋ.

ಮುಂದೆ ಸಂಪಾದನೆಯಾಗಿ, ತಟ್ಟೆಯ ಆಸೆ ಹಾಗೆಯೇ ಉಳಿದಿದ್ದರೆ ನಡುವಿನ ದಾರಿಯೂ ಒಂದಿದೆ. ಟೈಮ್‌ಕೋಡ್ ರೆಕಾರ್ಡ್ ಎಂದು ಸಿಗುತ್ತದೆ. ಅದರಲ್ಲಿ ಹಾಡೇ ಇರುವುದಿಲ್ಲ, ಒಂದು ಶ್ರುತಿಯಂಥ ಸಂಕೇತ ಮಾತ್ರ. ಮುಳ್ಳು ಅದನ್ನು ಓದುತ್ತದೆ. ತಟ್ಟೆ ಎಷ್ಟು ವೇಗದಲ್ಲಿ, ಯಾವ ದಿಕ್ಕಿಗೆ ತಿರುಗುತ್ತಿದೆ ಎಂದು ಕಂಪ್ಯೂಟರ್ ತಿಳಿದು ನಿನ್ನ ಹಾಡನ್ನು ಹಾಗೆಯೇ ನುಡಿಸುತ್ತದೆ. ಸೆರಾಟೊ ಎಂಬ ಕಂಪನಿಯ ಇಂಥ ಸಾಧನ 2004ರಲ್ಲಿ ಬಂದ ಮೇಲೆ ರೆಕಾರ್ಡ್ ಪೆಟ್ಟಿಗೆ ಹೊರುತ್ತಿದ್ದ ಎಷ್ಟೋ ಹಳಬರು ಲ್ಯಾಪ್‌ಟಾಪ್ ಹಿಡಿದದ್ದು ಈ ದಾರಿಯಿಂದಲೇ. ಇದನ್ನು ನಿನ್ನ ನೆಂಟರಿಗೂ ಹೇಳು.

ಮನಸ್ಸಿನಲ್ಲಿ ಬಹಳ ದಿನದಿಂದ ಇರುವ ಒಂದು ನೋವನ್ನೂ ಇಲ್ಲೇ ಬರೆಯುತ್ತೇನೆ. ನಮ್ಮ ಕಡೆ ‘ಡಿಜೆ’ ಎಂದರೆ ಮನುಷ್ಯನಲ್ಲ, ಸ್ಪೀಕರ್ ಪೆಟ್ಟಿಗೆಗಳ ರಾಶಿ. ‘ಡಿಜೆ ಎಷ್ಟು ದೊಡ್ಡದು?’ ಎಂದು ಕೇಳುತ್ತಾರೆ, ‘ಹಾಡು ಹಾಕುವವರು ಯಾರು?’ ಎಂದು ಕೇಳುವುದಿಲ್ಲ. ನಿನ್ನಂಥವರು ಕಿವಿ ಹದ ಮಾಡಿಕೊಂಡು ಟ್ರೇಲರ್ ಹತ್ತಿದರೆ ಆ ಪದ ಮತ್ತೆ ಮನುಷ್ಯನಿಗೆ ಸಿಗಬಹುದು ಎಂಬ ಆಸೆ ನನಗೆ ಇನ್ನೂ ಇದೆ.

ಪ್ರಶ್ನೆ: ನನ್ನ ಮಗಳು ಪಿಯುಸಿ ಮುಗಿಸಿದ್ದಾಳೆ, ಕಂಪ್ಯೂಟರಿನಲ್ಲಿ ಡಿಜೆ ಕಲಿಯುತ್ತಿದ್ದಾಳೆ. ರಾತ್ರಿ ಬಹಳ ಹೊತ್ತು ಹೆಡ್‌ಫೋನ್ ಹಾಕಿಕೊಂಡಿರುತ್ತಾಳೆ. ಕಿವಿಗೆ ತೊಂದರೆಯಾಗುವುದಿಲ್ಲವೇ? ಇದು ಹೆಣ್ಣುಮಕ್ಕಳಿಗೆ ಆಗುವ ಕೆಲಸವೇ?
— ಶಿಕ್ಷಕಿ, ಚಿತ್ರದುರ್ಗ

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ: ಆಗುವ ಕೆಲಸ, ತಾಯಿ. ಪೆಟ್ಟಿಗೆ ಹೊರಲು ಆಳುಗಳಿದ್ದಾರೆ. ಇಲ್ಲಿ ಬೇಕಾದದ್ದು ಲಯ ಮತ್ತು ತಾಳ್ಮೆ. ತಡರಾತ್ರಿಯ ಕಾರ್ಯಕ್ರಮಕ್ಕೆ ಮನೆಯವರೊಬ್ಬರು ಜೊತೆಗಿರಲಿ. ಗಂಡುಹುಡುಗರಿಗೂ ನಾನು ಇದನ್ನೇ ಹೇಳುತ್ತೇನೆ.

ಕಿವಿಯ ವಿಷಯದಲ್ಲಿ ನಿಮ್ಮ ಆತಂಕ ಸರಿಯಾದದ್ದು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು ಎಂಬುದು ತಜ್ಞರು ಹಾಕಿಕೊಂಡಿರುವ ಒಂದು ಮಿತಿ. ಅಲ್ಲಿಂದ ಮೂರು ಡೆಸಿಬೆಲ್ ಏರಿದಾಗಲೆಲ್ಲ ಅವಧಿ ಅರ್ಧಕ್ಕಿಳಿಯುತ್ತದೆ. 100ಕ್ಕೆ ಬಂದರೆ 15 ನಿಮಿಷ ಮಾತ್ರ. ಹೆಡ್‌ಫೋನ್ ಹಾಕಿಕೊಂಡಾಗಲೂ ನೀವು ಪಕ್ಕದಿಂದ ಕರೆದದ್ದು ಅವಳಿಗೆ ಕೇಳಿಸಬೇಕು, ಮನೆಯಲ್ಲಿ ಅದೇ ಅಳತೆ ಇರಲಿ. ಮೆರವಣಿಗೆಗೆ ಹೋದರೆ ಕಿವಿಗೆ ಇಯರ್ ಪ್ಲಗ್ ಬೇಕೇ ಬೇಕು. ನನ್ನ ಎಡಗಿವಿ ಈಗ ಹಕ್ಕಿಯ ಸಣ್ಣ ಸದ್ದನ್ನು ಹಿಡಿಯುವುದಿಲ್ಲ. ನಾನು ಕಲಿಯುವಾಗ ಇದನ್ನು ಹೇಳುವವರಿರಲಿಲ್ಲ. ಕಾನೂನನ್ನೂ ಈಗಲೇ ಕಲಿಸಿ: 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆ ಸರ್ಕಾರ ವಿನಾಯಿತಿ ಕೊಟ್ಟ ದಿನಗಳಲ್ಲೂ ಮಧ್ಯರಾತ್ರಿಯೇ ಕೊನೆ.

ಪ್ರಶ್ನೆ: ತಾತನ ಕಾಲದ ಇಪ್ಪತ್ತು ಗ್ರಾಮಫೋನ್ ತಟ್ಟೆಗಳಿವೆ. ಅವುಗಳನ್ನು ಕಂಪ್ಯೂಟರಿಗೆ ಇಳಿಸಿ ನಮ್ಮೂರ ಜಾತ್ರೆಯಲ್ಲಿ ಹಾಕಬೇಕೆಂದಿದ್ದೇನೆ. ಸ್ಪಿರಿಟ್ ಹಚ್ಚಿ ಒರೆಸಬಹುದೇ?
— ಜಗಳೂರು ತಾಲ್ಲೂಕಿನ ಓದುಗರು

ಉತ್ತರ: ಸ್ಪಿರಿಟ್ ಖಂಡಿತ ಬೇಡ. ನಿಮಿಷಕ್ಕೆ 78 ಸುತ್ತಿನ ಆ ತಟ್ಟೆಗಳಲ್ಲಿ ಅರಗು ಇರುತ್ತದೆ, ಸ್ಪಿರಿಟ್ ತಾಗಿದರೆ ಅದು ಕರಗಿ ಹಾಡೇ ಅಳಿಸಿಹೋಗುತ್ತದೆ. ಮೆತ್ತನೆಯ ಕುಂಚದಿಂದ ಧೂಳು ತೆಗೆಯಿರಿ. ತೀರಾ ಕೊಳೆಯಿದ್ದರೆ ಶುದ್ಧ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಗೀರುಗಳ ಗುಂಟ ಒರೆಸಿ, ನಡುವಿನ ಕಾಗದಕ್ಕೆ ನೀರು ತಾಗದಂತೆ ನೋಡಿಕೊಂಡು ನೆರಳಿನಲ್ಲಿ ಆರಿಸಿ. ಆಮೇಲೆ ಬಂದ ಎಲ್‌ಪಿ ರೆಕಾರ್ಡಿನ ಮುಳ್ಳಿನಿಂದ ನುಡಿಸಬೇಡಿ. ಇವುಗಳ ಗೀರು ಎಲ್‌ಪಿಯದಕ್ಕಿಂತ ಬಹಳ ಅಗಲ, ಅದಕ್ಕೆಂದೇ ದಪ್ಪ ಮುಳ್ಳು ಸಿಗುತ್ತದೆ. ತಾತನ ಹಳೆಯ ಕೀಲಿ ಯಂತ್ರವಿದ್ದರೆ ಅದರ ಭಾರದ ಉಕ್ಕಿನ ಮುಳ್ಳು ಪ್ರತಿ ಸಲವೂ ತಟ್ಟೆಯನ್ನು ಸವೆಸುತ್ತದೆ, ಆದ್ದರಿಂದ ಅದಕ್ಕೆ ಹಾಕುವ ಮುನ್ನವೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದಂತೆ ನಿಲ್ಲಿಸಿಡಿ. ದಾವಣಗೆರೆಗೆ ತರುವುದಾದರೆ ಎರಡೆರಡನ್ನೇ ನಡುವೆ ಹಳೆಯ ಸೀರೆ ಸುತ್ತಿ ತನ್ನಿ. ದಪ್ಪ ಮುಳ್ಳು ನನ್ನ ಬಳಿ ಇದೆ, ಕುಳಿತು ಇಳಿಸಿಕೊಡುತ್ತೇನೆ.