ಮಾತ್ರೆಯಲ್ಲಿ ನೋವು ನಿಂತಿದೆ, ಈಗಲೂ ರೂಟ್ ಕೆನಾಲ್ ಬೇಕಾ?

ಐದು ದಿನ ಆ್ಯಂಟಿಬಯೋಟಿಕ್ ತಗೊಂಡ ಮೇಲೆ ಕೆಳಗಿನ ದವಡೆ ಹಲ್ಲಿನ ನೋವೂ ಇಲ್ಲ, ಬಾವೂ ಇಲ್ಲ, ಇನ್ನು ರೂಟ್ ಕೆನಾಲ್ ಯಾಕೆ, ಮಾಡಿಸಿದರೂ ಕ್ಯಾಪ್ ಹಾಕಿಸಲೇಬೇಕಾ ಎಂದು ಉಡುಪಿಯಿಂದ ಕೇಳಿದ್ದೀರಿ. ಎರಡೂ ಬೇಕು. ಹಲ್ಲಿನ ಬೇರಿನ ಚಿಕಿತ್ಸೆಯೇ ನನ್ನ ದಿನನಿತ್ಯದ ಕೆಲಸ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಾತ್ರೆ ಕೆಲಸ ಮಾಡಬೇಕಾದರೆ ರಕ್ತದ ಜೊತೆ ಅಲ್ಲಿಗೆ ತಲುಪಬೇಕು. ನಿಮ್ಮ ಹಲ್ಲಿನೊಳಗಿನ ನರ, ರಕ್ತನಾಳ ಸತ್ತಿದ್ದರೆ ಅಲ್ಲಿ ರಕ್ತವೇ ಹರಿಯುವುದಿಲ್ಲ. ಬೇರಿನ ತುದಿಯಿಂದ ಹೊರಗೆ ಹಬ್ಬಿದ ಸೋಂಕನ್ನು ಮಾತ್ರೆ ತಗ್ಗಿಸಿತು, ಒಳಗಿನದ್ದು ಹಾಗೇ ಕೂತಿದೆ. ವಾರವೋ ತಿಂಗಳೋ ಕಳೆದು ಮತ್ತೆ ಊದುತ್ತದೆ. ಕೆಲವರಿಗೆ ವಸಡಿನ ಮೇಲೆ ಸಣ್ಣ ಗುಳ್ಳೆ ಎದ್ದು ಕೀವು ಸೋರಿಹೋಗುತ್ತಾ ಇರುತ್ತದೆ, ನೋವು ಬರುವುದೇ ಇಲ್ಲ, ಆದರೆ ಬೇರಿನ ಸುತ್ತಲಿನ ಎಲುಬು ಕರಗುತ್ತಲೇ ಇರುತ್ತದೆ. ಒಂದು ಎಚ್ಚರಿಕೆ: ದವಡೆಯ ಕೆಳಗೆ ಗಟ್ಟಿ ಊತ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟ, ಜ್ವರ, ಇವುಗಳಲ್ಲಿ ಯಾವುದಾದರೂ ಕಂಡರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಉಸಿರಿಗೆ ತೊಂದರೆಯಾದರೆ ಗಳಿಗೆಯೂ ತಡಮಾಡಬೇಡಿ.

ಇನ್ನು ಚಿಕಿತ್ಸೆ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟ ಮೇಲೆ ಹಲ್ಲಿನ ಸುತ್ತ ತೆಳು ರಬ್ಬರ್ ಹಾಳೆ ಕಟ್ಟುತ್ತಾರೆ, ಅದೇ ರಬ್ಬರ್ ಡ್ಯಾಮ್. ಕಟ್ಟುತ್ತೀರಾ ಎಂದು ನೀವೇ ಕೇಳಿ. ಎಂಜಲು ಒಳಗೆ ಹೋದರೆ ಹೊಸ ಸೋಂಕು ಹೋದಂತೆ, ಸಣ್ಣ ಉಪಕರಣ ಜಾರಿದರೆ ನೇರ ಗಂಟಲಿಗೆ. ಜೊತೆಗೆ ಒಳಗೆ ತೊಳೆಯುವ ದ್ರಾವಣ ಸೋಡಿಯಂ ಹೈಪೋಕ್ಲೋರೈಟ್, ಬಟ್ಟೆ ಬಿಳಿ ಮಾಡುವ ಬ್ಲೀಚ್‌ನಲ್ಲಿರುವುದೇ ಅದು. ಸತ್ತ ಮಾಂಸವನ್ನು ಕರಗಿಸುತ್ತದೆ, ಬಾಯಿಯ ಚರ್ಮಕ್ಕೆ ತಾಗಿದರೆ ಅದನ್ನೂ ಸುಡುತ್ತದೆ.

ಹಲ್ಲಿನ ಮೇಲ್ಭಾಗ ಕೊರೆದು, ಬೇರಿನೊಳಗೆ ನರ ಇರುವ ಸಪೂರ ದಾರಿಗಳ, ಅಂದರೆ ನಾಳಗಳ, ಬಾಯಿ ಹುಡುಕುತ್ತಾರೆ. ಕೆಳಗಿನ ಮೊದಲ ದವಡೆ ಹಲ್ಲಿನಲ್ಲಿ ಸಾಮಾನ್ಯವಾಗಿ 3 ನಾಳ, ಕೆಲವರಿಗೆ 4. ಮಾಡಿಸಿದ ರೂಟ್ ಕೆನಾಲ್ ವರ್ಷಗಳ ನಂತರ ಕೆಡಲು ದೊಡ್ಡ ಕಾರಣಗಳಲ್ಲಿ ಒಂದು, ಕಣ್ಣಿಗೆ ಬೀಳದೆ ಉಳಿದ ಈ ಹೆಚ್ಚುವರಿ ನಾಳವೇ. ನಾಳದ ಒಳಗೋಡೆ ಉಜ್ಜುವ ಉಪಕರಣಕ್ಕೆ ಫೈಲ್ ಎನ್ನುತ್ತಾರೆ. ಮೊದಲು ಇಳಿಸುವ ಫೈಲ್ ಸೂಜಿಯಷ್ಟು ಸಪೂರ: 10ನೇ ನಂಬರಿನದ್ದರ ತುದಿ 0.10 ಮಿಲಿಮೀಟರ್ ದಪ್ಪ, ಅಷ್ಟೇ. ಅದರ ಮೇಲೆ ಸಣ್ಣ ರಬ್ಬರ್ ಬಿಲ್ಲೆ. ನಾಳದ ಉದ್ದ ತಿಳಿಯಲು ಒಂದು ಸಣ್ಣ ಯಂತ್ರವಿದೆ: ಅದರ ಒಂದು ವಯರಿನ ಕೊಕ್ಕೆಯನ್ನು ತುಟಿಗೆ ಸಿಕ್ಕಿಸಿ, ಇನ್ನೊಂದು ವಯರನ್ನು ಫೈಲಿಗೆ ಹಚ್ಚಿದರೆ, ಬೇರಿನ ತುದಿ ಹತ್ತಿರವಾದಂತೆ ಅದರ ಬೀಪ್ ಬಿರುಸಾಗುತ್ತದೆ. ಆಗ ಬಿಲ್ಲೆಯನ್ನು ಹಲ್ಲಿನ ಅಂಚಿಗೆ ತಾಗಿಸಿ, ಫೈಲ್ ಹೊರತೆಗೆದು ಸ್ಕೇಲಿನಲ್ಲಿ ಅಳೆಯುತ್ತಾರೆ. 20 ಮಿಲಿಮೀಟರ್ ಬಂದರೆ ಆ ನಾಳದಲ್ಲಿ ಮುಂದಿನ ಎಲ್ಲ ಫೈಲೂ ಅಷ್ಟೇ ಇಳಿಯಬೇಕು. ಕಡಿಮೆಯಾದರೆ ತುದಿಯಲ್ಲಿ ಕೊಳೆ ಉಳಿಯುತ್ತದೆ, ಹೆಚ್ಚಾದರೆ ಕೊಳೆ ಎಲುಬಿಗೆ ದೂಡಲ್ಪಟ್ಟು ರಾತ್ರಿ ವಿಪರೀತ ನೋವು. ಒಂದು ಮಿಲಿಮೀಟರ್ ವ್ಯತ್ಯಾಸಕ್ಕೆ ಇಷ್ಟು ಬೆಲೆ ಇದೆ.

ಆದರೂ ಫೈಲ್ ದಾರಿ ಮಾಡಿಕೊಡುತ್ತದೆ ಅಷ್ಟೇ, ನಿಜವಾಗಿ ಶುಚಿ ಮಾಡುವುದು ಆ ದ್ರಾವಣ. ಅದು ಮೂಲೆಮೂಲೆಗೆ ಹೋಗಲು ಸಮಯ ಬೇಕು. ಕೀವಿದ್ದ ಹಲ್ಲಿಗೆ ಒಂದೆರಡು ವಾರ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎಂಬ ಔಷಧ ತುಂಬಿಟ್ಟು ಮತ್ತೆ ಕರೆಯುವುದೂ ಉಂಟು, ಹಣಕ್ಕಾಗಿ ಎಳೆಯುತ್ತಿದ್ದಾರೆ ಎಂದುಕೊಳ್ಳಬೇಡಿ. ನಾಳ ಒಣಗಿದ ಮೇಲೆ ಗಟ್ಟಾಪರ್ಚ ಎಂಬ ರಬ್ಬರಿನಂಥ ಕಡ್ಡಿಯನ್ನೂ ಸಿಮೆಂಟನ್ನೂ ತುಂಬಿ ನಾಳ ಮುಚ್ಚುತ್ತಾರೆ.

ನಂತರ ಎರಡು ಮೂರು ದಿನ ಕಚ್ಚಿದಾಗ ನೋವಿರುವುದು ಸಹಜ. ದಿನದಿಂದ ದಿನಕ್ಕೆ ಹೆಚ್ಚಾದರೆ, ಊದಿದರೆ ತಿರುಗಿ ಹೋಗಿ. ಹಲ್ಲು ಎತ್ತರವಾದಂತೆ, ಅದೇ ಮೊದಲು ತಾಗುವಂತೆ ಅನಿಸಿದರೂ ಹೇಳಿ, ಸ್ವಲ್ಪ ತೇಯ್ದರೆ ಸರಿಯಾಗುತ್ತದೆ.

ಕ್ಯಾಪ್ ವಿಷಯ. ರೂಟ್ ಕೆನಾಲ್ ಆದ ಹಲ್ಲು ಒಣಗಿ ಪೆಡಸಾಗುತ್ತದೆ, ಅದಕ್ಕೇ ಕ್ಯಾಪ್ ಅನ್ನುತ್ತಾರೆ, ಮುಖ್ಯ ಕಾರಣ ಅದಲ್ಲ. ಹುಳುಕೂ ಕೊರೆತವೂ ಸೇರಿ ನಡುಭಾಗ ಹೋಗಿ, ಮಾಡು ತೆಗೆದ ಮನೆಯ ಹಾಗೆ ಗೋಡೆ ಮಾತ್ರ ನಿಂತಿರುತ್ತದೆ. ಕೋರಿ ರೊಟ್ಟಿಯದ್ದೋ ಚಕ್ಕುಲಿಯದ್ದೋ ಒಂದು ಗಟ್ಟಿ ತುಂಡು ಸಾಕು ಸೀಳಲು, ಅಡಿಕೆಯಂತೂ ಬೇಡವೇ ಬೇಡ. ಸೀಳು ಬೇರಿಗೆ ಇಳಿದರೆ ಹೆಚ್ಚಾಗಿ ಕೀಳುವುದೇ ದಾರಿ. ಕೊರೆದ ತೂತಿಗೆ ಮೇಲೆ ಹಾಕುವ ತಾತ್ಕಾಲಿಕ ಸಿಮೆಂಟ್ ಹೆಚ್ಚು ದಿನ ಬಾಳುವುದಿಲ್ಲ, ಸವೆದು ಎಂಜಲು ಒಳಗಿಳಿದರೆ ಮಾಡಿದ್ದೆಲ್ಲ ಹಾಳು. ಆದ್ದರಿಂದ ಶಾಶ್ವತ ಫಿಲ್ಲಿಂಗ್ ಕೂಡಲೇ ಆಗಲಿ, ಕ್ಯಾಪ್ ಒಂದು ತಿಂಗಳೊಳಗೆ. ಅಲ್ಲಿಯವರೆಗೆ ಆ ಬದಿಯಲ್ಲಿ ಗಂಜಿ, ನೀರ್ ದೋಸೆ ಸಾಕು.

ಖರ್ಚಿನ ಚಿಂತೆಯಿದ್ದರೆ ಮಣಿಪಾಲದ ದಂತ ಕಾಲೇಜು ನಿಮಗೆ ಹತ್ತಿರವೇ, ಮಂಗಳೂರು ಕಡೆ ಬರುವುದಾದರೆ ಲೈಟ್‌ಹೌಸ್ ಹಿಲ್‌ನಲ್ಲಿ, ದೇರಳಕಟ್ಟೆಯಲ್ಲಿ ಇವೆ. ಬೇರಿನ ಚಿಕಿತ್ಸೆಗೆ ಎಂಡೊಡಾಂಟಿಕ್ಸ್ ವಿಭಾಗ ಎಂದು ಕೇಳಿ. ಕಲಿಯುವವರು ಮಾಡಿದರೂ ಅಧ್ಯಾಪಕರು ಹಂತಹಂತವಾಗಿ ನೋಡುತ್ತಾರೆ, ಸಮಯ ಮಾತ್ರ ಹೆಚ್ಚು ಹಿಡಿಯುತ್ತದೆ. ಶುಗರ್, ಬಿಪಿ, ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಮೊದಲೇ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ.

ಕೊನೆಯ ಎಕ್ಸ್‌ರೇಯ ಪ್ರತಿ ಕೇಳಿ ಇಟ್ಟುಕೊಳ್ಳಿ. ಆರು ತಿಂಗಳು ಬಿಟ್ಟು, ಮತ್ತೆ ವರ್ಷಕ್ಕೆ ಇನ್ನೊಂದು ತೆಗೆಸಿದಾಗ ಬೇರಿನ ತುದಿಯ ಕಪ್ಪು ನೆರಳು, ಅಂದರೆ ಎಲುಬು ಕರಗಿದ ಜಾಗ, ಚಿಕ್ಕದಾಗುತ್ತಿದೆಯೇ ಎಂದು ಪಕ್ಕಪಕ್ಕದಲ್ಲಿಟ್ಟು ನೋಡಲು ಅದೇ ಬೇಕಾಗುತ್ತದೆ.