ಮೊದಲೇ ವಿಕ್ಟರಿ ಹಡಗು ಕಟ್ಟಬಹುದಿತ್ತಲ್ಲವೇ?

ಮಾನ್ಯರೇ,

ಎರಡನೇ ಮಹಾಯುದ್ಧದ ಸರಕು ಹಡಗುಗಳ ಲೇಖನ ಓದಿ ಕಾರವಾರದಿಂದ ನೀವು ಬರೆದ ಪತ್ರ ತಲುಪಿತು. 15ರಿಂದ 17 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಓಡುವ ವಿಕ್ಟರಿ ಮಾದರಿಯನ್ನು ಬಿಟ್ಟು 11 ನಾಟ್‌ನ ಲಿಬರ್ಟಿ ಮಾದರಿಯನ್ನೇ ಅಮೆರಿಕ 2,710 ಕಟ್ಟಿದ್ದೇಕೆ, ಅವು ಬಿರುಕು ಬಿಟ್ಟದ್ದು ಕಳಪೆ ವೆಲ್ಡಿಂಗ್‌ನಿಂದಲೇ, 1944ರಲ್ಲಿ ಮುಂಬೈ ಬಂದರಿನಲ್ಲಿ ಸಿಡಿದ ಫೋರ್ಟ್ ಸ್ಟಿಕೀನ್ ಕೂಡ ಲಿಬರ್ಟಿಯೇ ಎಂದು ಕೇಳಿದ್ದೀರಿ.

ಮೊದಲನೆಯದಕ್ಕೆ ಉತ್ತರ ಗೇರಿನಲ್ಲಿದೆ. ವಿಕ್ಟರಿಯ ವೇಗಕ್ಕೆ ಬಳಸಿದ್ದು ಟರ್ಬೈನ್, ಅಂದರೆ ಉಗಿಯ ರಭಸಕ್ಕೆ ತಿರುಗುವ ಚಕ್ರದ ಎಂಜಿನ್. ಅದು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಪ್ರೊಪೆಲರ್‌ಗೆ ಬೇಕಾದದ್ದು ನೂರರ ಆಸುಪಾಸು. ನಡುವೆ ಸುತ್ತು ತಗ್ಗಿಸುವ ಭಾರಿ ರಿಡಕ್ಷನ್ ಗೇರು ಬೇಕೇ ಬೇಕು. ಅದರ ಹಲ್ಲುಗಳನ್ನು ನಿಖರವಾಗಿ ಕಡೆಯಬಲ್ಲ ಕಾರ್ಖಾನೆಗಳು ಕಡಿಮೆ. ಇದ್ದವನ್ನು ಯುದ್ಧನೌಕೆಗಳ ಕೆಲಸ ನುಂಗಿಹಾಕಿತ್ತು. ಹಾಗಾಗಿ ಲಿಬರ್ಟಿಗೆ ಸಿಕ್ಕಿದ್ದು ಹಳೇ ಕಾಲದ ಮೂರು ಸಿಲಿಂಡರಿನ ಉಗಿ ಎಂಜಿನ್: 2,500 ಅಶ್ವಶಕ್ತಿ, ನಿಮಿಷಕ್ಕೆ 76 ಸುತ್ತು, ನೇರ ಶಾಫ್ಟಿಗೆ ಜೋಡಣೆ. ಗೇರಿನ ಗೊಡವೆಯೇ ಇಲ್ಲ. 1944ರ ಆರಂಭದಲ್ಲಿ ಬಂದ ವಿಕ್ಟರಿಗೆ ಟರ್ಬೈನ್ ದಕ್ಕಿತು; ಮಾದರಿಗೆ ತಕ್ಕಂತೆ 6,000 ಅಥವಾ 8,500 ಅಶ್ವಶಕ್ತಿ. ನಾಲ್ಕು ನಾಟ್ ಹೆಚ್ಚಿಸಲು ಎರಡು ಪಟ್ಟಿಗೂ ಮೀರಿದ ಶಕ್ತಿ ಬೇಕಾಯಿತು, ನೋಡಿ. ಹಡಗಿನ ವೇಗ ಅಷ್ಟು ದುಬಾರಿ.

ಬಿರುಕಿನ ವಿಷಯದಲ್ಲಿ ತಪ್ಪೆಲ್ಲ ಬೆಸುಗೆ ಹಾಕಿದವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಲ್ಲಲ್ಲಿ ಕೆಟ್ಟ ಬೆಸುಗೆ ಇತ್ತು, ನಿಜ. ಆದರೆ ಆ ಕಾಲದ ಉಕ್ಕು ಚಳಿಯಲ್ಲಿ ಬಾಗುವ ಗುಣ ಕಳೆದುಕೊಂಡು ಗಾಜಿನಂತೆ ಒಡೆಯುತ್ತಿತ್ತು. ಕೇಂಬ್ರಿಜ್‌ನ ಕಾನ್‌ಸ್ಟನ್ಸ್ ಟಿಪ್ಪರ್ ಇದನ್ನು ತೋರಿಸಿಕೊಟ್ಟರು. ಡೆಕ್ಕಿನಲ್ಲಿ ಸರಕು ಇಳಿಸುವ ಹ್ಯಾಚ್ ಬಾಯಿಯ ಮೂಲೆಗಳು ಚೌಕ. ಅಲೆಗೆ ಹಡಗು ಬಾಗಿದಾಗ ಎಳೆತವೆಲ್ಲ ಆ ಮೂಲೆಗೇ ಬಂದು ಕೂರುತ್ತಿತ್ತು, ಬಿರುಕು ಅಲ್ಲಿಂದಲೇ ಶುರು. ಉಕ್ಕಿನ ಹಾಳೆಗಳನ್ನು ರಿವೆಟ್ ಮೊಳೆಗಳಿಂದ ಜೋಡಿಸಿದ ಹಡಗಿನಲ್ಲಿ ಬಿರುಕು ಸಾಮಾನ್ಯವಾಗಿ ಒಂದು ಉಕ್ಕಿನ ಹಾಳೆಯ ಅಂಚಿಗೆ ಬಂದು ನಿಲ್ಲುತ್ತದೆ. ವೆಲ್ಡಿಂಗ್ ಹಡಗಿನಲ್ಲಿ ಅಂಚೇ ಇಲ್ಲ. ಬಿರುಕು ಡೆಕ್ಕು ದಾಟಿ ಪಕ್ಕಕ್ಕೂ ಇಳಿಯಬಲ್ಲದು. ಪರಿಹಾರವೂ ಇದಕ್ಕೆ ತಕ್ಕಂತೆ: ಮೂಲೆಗಳನ್ನು ದುಂಡಗೆ ಮಾಡಿ ಬಲಪಡಿಸಿದರು, ಡೆಕ್ಕನ್ನು ಉದ್ದಕ್ಕೆ ಸೀಳಿ ಮೇಲೆ ಪಟ್ಟಿಯಿಟ್ಟು ರಿವೆಟ್ ಹೊಡೆದರು. ವೆಲ್ಡಿಂಗ್ ಹಡಗಿಗೆ ಬೇಕೆಂದೇ ಒಂದು ಅಂಚು ಮಾಡಿಕೊಟ್ಟಂತೆ. ವಿಕ್ಟರಿಯಲ್ಲಿ ಪಕ್ಕೆಲುಬುಗಳ ಅಂತರವನ್ನೂ 30 ಇಂಚಿನಿಂದ 36ಕ್ಕೆ ಏರಿಸಿದರು. ಒಡಲು ಸ್ವಲ್ಪ ಬಳುಕಲಿ ಎಂದು.

ಫೋರ್ಟ್ ಸ್ಟಿಕೀನ್ ಲಿಬರ್ಟಿಯಲ್ಲ, ದಾಯಾದಿ. ಎರಡಕ್ಕೂ ಮೂಲ ಇಂಗ್ಲೆಂಡಿನ ಸಂಡರ್‌ಲ್ಯಾಂಡಿನ ನಕ್ಷೆ. ಇದನ್ನು ಕಟ್ಟಿದ್ದು ಕೆನಡಾದ ಪ್ರಿನ್ಸ್ ರೂಪರ್ಟ್‌ನಲ್ಲಿ, 1942ರಲ್ಲಿ. ರಿವೆಟ್ ಜೋಡಣೆ, ಕಲ್ಲಿದ್ದಲ ಬಾಯ್ಲರ್. ಲಿಬರ್ಟಿಯದು ಎಣ್ಣೆಯ ಬಾಯ್ಲರ್. ಏಪ್ರಿಲ್ 14ರ ಸ್ಫೋಟಕ್ಕೂ ವಿನ್ಯಾಸಕ್ಕೂ ಸಂಬಂಧವಿಲ್ಲ. ಹತ್ತಿ ಬೇಲುಗಳನ್ನೂ ಸುಮಾರು 1,400 ಟನ್ ಸ್ಫೋಟಕಗಳನ್ನೂ ಒಂದೇ ಹಡಗಿಗೆ ತುಂಬಿದ್ದರು.

ಹಳೆಯ ಫೋಟೊಗಳಲ್ಲಿ ಇವನ್ನು ಗುರುತಿಸುವುದು ಸುಲಭ. ಫೋರ್ಟ್ ಸ್ಟಿಕೀನ್‌ನಂಥ ಹಡಗಿನಲ್ಲಿ ಬ್ರಿಜ್ (ಹಡಗು ನಡೆಸುವ ಕೊಠಡಿ) ಒಂದು ಕಟ್ಟಡ, ಹೊಗೆಕೊಳವೆ ಇನ್ನೊಂದು, ನಡುವೆ ಒಂದು ಹ್ಯಾಚ್. ಲಿಬರ್ಟಿಯಲ್ಲಿ ಎರಡೂ ಒಂದೇ ಕಟ್ಟಡದಲ್ಲಿವೆ. ಮೂತಿಯ ಡೆಕ್ಕು ಒಂದು ಮೆಟ್ಟಿಲು ಎತ್ತರಕ್ಕಿದ್ದರೆ ಅದು ವಿಕ್ಟರಿ.

— ಸಂ.